ಬರೇ ಫೂಟ್ ಬರಬಾರದು

ಗೋವಾದ ಝುವಾರಿನಗರದ ನಮ್ಮ ಓಣಿಗೆ ಇನ್ನೂ ಕಾಂಕ್ರೀಟು ಬಿದ್ದಿರದ ಕಾಲ ಅದು. ಜೂನ್ ತಿಂಗಳ ಮೊದಲ ಮಳೆ ಹೊಡೆಯಿತೆಂದರೆ ಗುಡ್ಡದ ಕೆಂಪು ಮಣ್ಣೆಲ್ಲ ಕರಗಿ ಓಣಿಯೊಳಗೆ ಇಳಿದುಬರುತ್ತಿತ್ತು. ಆ ಕೆಸರಿಗೆ ಚಪ್ಪಲಿಗಳ ಮೇಲೆ ಅದೆಂಥ ಪ್ರೀತಿಯೋ, ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಜಗ್ಗಿದರೆ ಪಟ್ಟಿ ಕೈಗೆ ಬರುತ್ತಿತ್ತು, ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಹೀಗಾಗಿ ಓಣಿಯ ಅವ್ವಂದಿರೆಲ್ಲ ಮಳೆ ಹಿಡಿದ ಕೂಡಲೇ ಮಕ್ಕಳ ಚಪ್ಪಲಿ ತೊಳೆದು, ಒಣಗಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ತಗಡಿನ ಮಾಡಿನ ಸಂದಿಗೆ ಸಿಗಿಸಿಬಿಡುತ್ತಿದ್ದರು. ಗಣಪತಿ ಹಬ್ಬ ಬರುವವರೆಗೂ ನಾವು ಮಕ್ಕಳು ಬರಿಗಾಲಿನ ಮಂದಿ.

ಅದರಲ್ಲಿ ನಮಗೆ ಒಂದಿಷ್ಟೂ ಬೇಜಾರಿರಲಿಲ್ಲ. ನಮ್ಮ ಕಾಲುಗಳಿಗೆ ಓಣಿಯೆಲ್ಲ ಬಾಯಿಪಾಠವಾಗಿತ್ತು. ನಳದ ಹತ್ತಿರದ ಹಾಸುಗಲ್ಲು ಜಾರುತ್ತದೆ, ಕಿರಾಣಿ ಅಂಗಡಿಯ ಮುಂದೆ ಬಾಟಲಿಯ ಚೂರು ಇರುತ್ತದೆ, ಹೋಟೆಲಿನ ಹಿಂದಿನ ಗಟಾರದ ಪಕ್ಕ ನಿಂತರೆ ಅಂಗಾಲು ಬೆಚ್ಚಗಾಗುತ್ತದೆ. ಮಳೆ ನಿಂತ ಸಂಜೆ ಹೆಜ್ಜೆ ಆಟ ಆಡುತ್ತಿದ್ದೆವು. ಒಬ್ಬರು ಕಣ್ಣು ಮುಚ್ಚಿಕೊಳ್ಳಬೇಕು, ಉಳಿದವರು ಹಸಿ ಮಣ್ಣಿನ ಮೇಲೆ ಒಂದೊಂದು ಹೆಜ್ಜೆ ಮೂಡಿಸಿ ಓಡಬೇಕು. ಕಣ್ಣು ತೆರೆದವರು ಇದು ಯಾರ ಹೆಜ್ಜೆ ಎಂದು ಹೇಳಬೇಕು. ನನ್ನ ಹೆಜ್ಜೆಯನ್ನು ಎಲ್ಲರೂ ಥಟ್ಟನೆ ಗುರುತಿಸುತ್ತಿದ್ದರು, ಏಕೆಂದರೆ ನನ್ನ ಪಾದ ರೊಟ್ಟಿ ಬಡಿದ ಹಾಗೆ ಅಗಲವಾಗಿತ್ತು. ಮುಂಜಾನೆ ಪಾವ್ ಮಾರುವ ಪೋದೇರ ತನ್ನ ಸೈಕಲ್ಲಿನ ಹಾರ್ನು ಒತ್ತಿದನೆಂದರೆ ಸಾಕು, ಕೆಸರು ಸಿಡಿಸುತ್ತ ಓಡುತ್ತಿದ್ದೆವು. ಮಳೆಯ ವಾಸನೆ, ಗೊಬ್ಬರ ಕಾರ್ಖಾನೆಯ ಕಡೆಯಿಂದ ಬರುವ ಮೂಗು ಸುಡುವ ಘಾಟು, ಬಿಸಿ ಪಾವಿನ ವಾಸನೆ ಮೂರೂ ಒಟ್ಟಿಗೆ ಬಂದರೆ ನನಗೆ ಇವತ್ತಿಗೂ ಆಗಸ್ಟ್ ತಿಂಗಳೇ ನೆನಪಾಗುವುದು.

ನಾವು ಬಾಗಲಕೋಟೆ ಕಡೆಯವರು. ಅಪ್ಪ ವಾಸ್ಕೋದ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕಾಲೊನಿಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತೆ. ಅಲ್ಲಿ ಮುಂದಿನ ತರಗತಿ ಇರಲಿಲ್ಲವಾದ್ದರಿಂದ ಆ ವರ್ಷ ನನ್ನನ್ನು ಗುಡ್ಡದ ಕೆಳಗಿನ ಇಂಗ್ಲಿಷ್ ಶಾಲೆಗೆ ಹಾಕಿದರು.

ಕನ್ನಡದಲ್ಲಿ ಬರೆದಿದ್ದನ್ನೆಲ್ಲ ಓದಬೇಕು. ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳು ಬಂದ ಬೀಗರ ಹಾಗೆ ಸುಮ್ಮನೆ ಕೂತಿರುತ್ತವೆ, ಅವುಗಳನ್ನು ಮಾತಾಡಿಸಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಎಲ್ಲರನ್ನೂ ಮಾತಾಡಿಸುತ್ತಿದ್ದೆ. ಚಾಕುವಿಗೆ ‘ಕ್ನಿಫೆ’ ಅನ್ನುತ್ತಿದ್ದೆ. ಪಕ್ಕದಲ್ಲಿ ಕೂರುವ ಸ್ನೇಹಲ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆಕೆ ಕಾರವಾರದವಳು, ಅವಳಪ್ಪ ಬ್ಯಾಂಕಿನಲ್ಲಿದ್ದರು. ನಕ್ಕರೂ ಆಮೇಲೆ ಸರಿಯಾದ ಉಚ್ಚಾರ ಹೇಳಿಕೊಡುತ್ತಿದ್ದಳು.

ಇಂಗ್ಲಿಷ್ ಮತ್ತು ಡ್ರಿಲ್ ಎರಡನ್ನೂ ಫಿಲೋಮಿನಾ ಟೀಚರೇ ನೋಡಿಕೊಳ್ಳುತ್ತಿದ್ದರು. ಎತ್ತರದ ಆಳು, ಹೂವಿನ ಫ್ರಾಕು, ಕೈಯಲ್ಲಿ ಸದಾ ಕರಿಯ ಛತ್ರಿ. ಅವರು ಹಾದುಹೋದರೆ ಪೌಡರಿನ ವಾಸನೆ ಬಹಳ ಹೊತ್ತು ವರಾಂಡದಲ್ಲಿ ಉಳಿಯುತ್ತಿತ್ತು. ಸ್ವಾತಂತ್ರ್ಯ ದಿನದ ಕವಾಯತಿಗೆ ಹುಡುಗಿಯರನ್ನು ಆರಿಸುವಾಗ ಅವರು ಕಣ್ಣು ಮುಚ್ಚಿ ನಿಂತು ಹೆಜ್ಜೆಗಳ ಸದ್ದು ಕೇಳಿದರು. ಒದ್ದೆ ವರಾಂಡದ ಮೇಲೆ ನನ್ನ ಕಾಲು ಥಪ್ ಥಪ್ ಎಂದು ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಕಣ್ಣು ತೆರೆದು ನನ್ನ ಕಡೆ ಬೆರಳು ಮಾಡಿದರು. ಸಾಲಿನ ಮುಂದೆ ಝಂಡಾ ಹಿಡಿದು ನಡೆಯುವವಳು ನಾನೇ ಎಂದಾಯಿತು.

ಓಣಿಯಲ್ಲಿ ಆ ಸುದ್ದಿ ಮಳೆನೀರಿಗಿಂತ ಬೇಗ ಹರಿಯಿತು.

ಸ್ವಾತಂತ್ರ್ಯ ದಿನದ ಮುನ್ನಾದಿನ ಟೀಚರ್ ಬೋರ್ಡಿನ ಮೇಲೆ ಕವಾಯತಿನವರಿಗೆ ಸೂಚನೆ ಬರೆದರು. ಹೊರಗೆ ಮಳೆ ಹೊಯ್ಯುತ್ತಿತ್ತು. ತಗಡಿನ ಮಾಡಿನ ಮೇಲೆ ಎಷ್ಟು ಸದ್ದೆಂದರೆ ಅವರು ಓದಿ ಹೇಳಿದ್ದು ಹಿಂದಿನ ಬೆಂಚಿಗೆ ಒಂದೂ ಕೇಳಲಿಲ್ಲ. ಸ್ನೇಹಲ್‌ಗೆ ಜ್ವರ ಬಂದು ಆ ದಿನ ಶಾಲೆಗೆ ಬಂದಿರಲಿಲ್ಲ. ನಾನೇ ಕೂಡಿಸಿ ಕೂಡಿಸಿ ಓದಿಕೊಂಡೆ. ಬಿಳಿ ಯೂನಿಫಾರ್ಮು, ಎರಡು ಜಡೆ, ಬಿಳಿ ರಿಬ್ಬನ್. ಇಷ್ಟು ತಿಳಿಯಿತು. ಕೊನೆಯ ಸಾಲು: ಡು ನಾಟ್ ಕಮ್ ಬರೇಫೂಟ್.

ಬಿ, ಎ, ಆರ್, ಇ. ಬರೇ. ಇದು ನಮ್ಮ ಶಬ್ದವೇ! ಬರೇ ಅನ್ನ ಉಂಡೆ, ಬರೇ ಮಾತು ಬ್ಯಾಡ ಎಂದು ನಾವು ದಿನಾ ಅನ್ನುವುದಿಲ್ಲವೇ? ಇಂಗ್ಲಿಷಿನವರು ಇದನ್ನು ಯಾವಾಗ ಒಯ್ದರೋ ಎಂದು ನನಗೆ ಹೆಮ್ಮೆಯೇ ಆಯಿತು. ಇನ್ನು ಫೂಟ್ ಎಂದರೆ ಏನೆಂದು ನನಗೆ ಆ ತಿಂಗಳಷ್ಟೇ ಪಾಠವಾಗಿತ್ತು. ಬೈ ಬಸ್, ಬೈ ಟ್ರೇನ್, ಆನ್ ಫೂಟ್. ಬಸ್ಸಿನಲ್ಲಿ ಹೋಗುವುದು, ರೈಲಿನಲ್ಲಿ ಹೋಗುವುದು, ನಡೆದುಕೊಂಡು ಹೋಗುವುದು. ಅಂದರೆ ಅರ್ಥ ಸ್ಪಷ್ಟವಾಗಿತ್ತು. ಬರೇ ನಡೆದುಕೊಂಡು ಬರಬೇಡಿರಿ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅವ್ವಾ, ನಾಳೆ ನಡಕೋತ ಬರಬ್ಯಾಡ್ರಿ ಅಂತ ಹೇಳ್ಯಾರ.”

“ಯಾರು ಹೇಳ್ಯಾರ?”

“ಟೀಚರ್ ಬೋರ್ಡಿನ ಮ್ಯಾಲೆ ಬರದಾರ. ಬರೇ ಫೂಟ್ ಬರಬಾರದು. ಗಾಡ್ಯಾಗ ಬರಬೇಕು.”

ಅವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು. “ಖರೇ ಏನ?”

“ಖರೇನ ಅವ್ವಾ. ಝಂಡಾ ಹಿಡಿಯಾಕಿ ನಾನು. ಕೆಸರು ತುಳಕೋತ ಹೋದ್ರ ಹೆಂಗ?”

ಅಪ್ಪ ಬಂದ ಮೇಲೆ ಅವನಿಗೂ ಹೇಳಿದೆವು. ಅಪ್ಪ ತಲೆಯ ಮೇಲಿನ ಗೋಣಿಚೀಲದ ಕೊಪ್ಪೆ ತೆಗೆದು ಗೂಟಕ್ಕೆ ಹಾಕಿ, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಬಹಳ ಹೊತ್ತು ವಿಚಾರ ಮಾಡಿದ. “ಇಂಗ್ಲಿಷ್ ಸಾಲ್ಯಾಗ ಹಂಗ ಇರ್ತೈತಿ” ಎಂದ ಕೊನೆಗೆ. “ಅಲ್ಲಿ ಹುಡುಗ್ರು ಕಾರಿನ್ಯಾಗ ಬರತಾವು, ನಾ ನೋಡೇನಿ.” ಉಂಡು ಕೈ ತೊಳೆದವನೇ ನಾಲ್ಕು ಮನೆ ಆಚೆಗಿನ ಸಿದ್ದಪ್ಪ ಕಾಕಾನ ಬಾಗಿಲಿಗೆ ಹೋದ. ನಾನೂ ಬೆನ್ನಿಗೇ ಹೋದೆ.

ಸಿದ್ದಪ್ಪ ಕಾಕಾ ನಮ್ಮ ಓಣಿಗೆ ನೀರು ತರುವ ಟ್ಯಾಂಕರಿನ ಡ್ರೈವರ್. ಮೀಸೆ ಅಷ್ಟುದ್ದ, ದನಿ ಅದಕ್ಕಿಂತ ಉದ್ದ. ಅಪ್ಪ ಸಂಕೋಚದಿಂದ ವಿಷಯ ಹೇಳಿದರೆ ಕಾಕಾ ತೊಡೆ ತಟ್ಟಿಕೊಂಡ.

“ಅದಕ್ಯಾಕ ಇಷ್ಟು ಸಣ್ಣ ಮಾರಿ ಮಾಡ್ತಿ? ನಾಳೆ ಮುಂಜಾನೆ ನೀರು ಬಿಡಾಕ ಬಂದಾಗ ಹಂಗ ಕಮಲಿನ್ನ ಕೂಡಿಸ್ಕೊಂಡು ಹೋಗೂಣು. ಟ್ಯಾಂಕರ್ ಅಂದ್ರ ಗಾಡಿ ಅಲ್ಲೇನ? ಅವರ ಕಾರಿಗಿಂತ ದೊಡ್ಡದೈತಿ!”

ಮರುದಿನ ಬೆಳಕು ಹರಿಯುವಾಗ ಟ್ಯಾಂಕರ್ ಬಂತು. ಎಂದಿನಂತೆ ಕೊಡಗಳ ಜಗಳ ನಡೆಯಿತು. ಆದರೆ ಅವತ್ತು ಜಗಳ ಮುಗಿಸಿದ ಹೆಂಗಸರು ಮನೆಗೆ ಹೋಗಲಿಲ್ಲ. ಒಬ್ಬರು ಚೆಂಡುಹೂವಿನ ಮಾಲೆ ತಂದರು, ಮತ್ತೊಬ್ಬರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ಹುಡುಗರು ಕಾಗದದ ಬಾವುಟಗಳನ್ನು ದಾರಕ್ಕೆ ಅಂಟಿಸಿ ಟ್ಯಾಂಕಿನ ಸುತ್ತ ಕಟ್ಟಿದರು. ಅವ್ವ ತಂಬಿಗೆಯಲ್ಲಿ ಕೆಂಡ ತುಂಬಿ ನನ್ನ ಯೂನಿಫಾರ್ಮಿಗೆ ಇಸ್ತ್ರಿ ತಿಕ್ಕಿದ್ದಳು. ಎಣ್ಣೆ ಹಚ್ಚಿ ಎರಡು ಜಡೆ ಎಷ್ಟು ಬಿಗಿಯಾಗಿ ಹೆಣೆದಳೆಂದರೆ ನನ್ನ ಹುಬ್ಬುಗಳು ಮೇಲೆದ್ದು ನಿಂತಿದ್ದವು.

ನಾನು ಮಾಡಿನ ಸಂದಿಯಿಂದ ಚಪ್ಪಲಿಯ ಪೊಟ್ಟಣ ಇಳಿಸಿ ಬಿಚ್ಚತೊಡಗಿದೆ. ಅವ್ವ ಗದರಿದಳು.

“ಇಡ ಅದನ್ನ! ಝಂಡಾ ಹಿಡಿಯಾಕಿ ಕಾಲಾಗ ಚಪ್ಪಲಿ ಹಾಕ್ಕೋತಾರೇನ? ಆರತಿ ತಾಟು ಹಿಡಿದಾಗ ಹಾಕ್ಕೋತಿ ಏನ?”

ಅದೂ ಸರಿಯೇ ಅನ್ನಿಸಿತು. ಅವ್ವ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ತಿಕ್ಕಿ, ಉಗುರಿನ ಸಂದಿಯ ಕೆಂಪು ಮಣ್ಣನ್ನೆಲ್ಲ ತೆಗೆದು, ಪಾದಕ್ಕೆ ತೆಳ್ಳಗೆ ಅರಿಶಿನ ಸವರಿದಳು. ಮದುಮಗಳ ಕಾಲಿನ ಹಾಗೆ ಕಾಣುತ್ತಿದ್ದವು. ನೆಲಕ್ಕೆ ತಾಗಬಾರದೆಂದು ಅಪ್ಪ ನನ್ನನ್ನು ಎತ್ತಿಯೇ ಕ್ಯಾಬಿನ್ನಿನಲ್ಲಿ ಕೂಡಿಸಿದ. ತಾನೂ ಮದುವೆಗಳಿಗೆ ಹೋಗುವಾಗಿನ ಅಂಗಿ ತೊಟ್ಟು, ಹೆಗಲ ಮೇಲೆ ಹೊಸ ಟವೆಲ್ಲು ಹಾಕಿಕೊಂಡು ಪಕ್ಕದಲ್ಲಿ ಕುಳಿತ.

ಹಿಂದೆ ಟ್ಯಾಂಕಿನಲ್ಲಿ ಅರ್ಧ ನೀರು ಉಳಿದಿತ್ತು. ಪ್ರತಿ ತಿರುವಿಗೂ ಅದು ಧುಡುಂ ಧುಡುಂ ಎಂದು ಹೊರಳುತ್ತಿತ್ತು. ಕಾಕಾ ಎದುರಿಗೆ ಬಂದ ಬಸ್ಸಿಗೆಲ್ಲ ಹಾರ್ನು ಹೊಡೆಯುತ್ತ, “ಸರೀರಿ, ನಮ್ಮ ಕಮಲಿ ಹೊಂಟಾಳ” ಎಂದು ಕಿಟಕಿಯಿಂದ ಕೂಗುತ್ತಿದ್ದ. ನಾನು ಕಾಲುಗಳನ್ನು ಡ್ಯಾಶ್‌ಬೋರ್ಡಿಗೆ ತಾಗದಂತೆ ಮುಂದೆ ಚಾಚಿಕೊಂಡು ಕೂತಿದ್ದೆ.

ಶಾಲೆಯ ಗೇಟಿನಲ್ಲಿ ಟ್ಯಾಂಕರ್ ನಿಂತಾಗ ಬಿಳಿ ಬಟ್ಟೆಯ ಮಕ್ಕಳೆಲ್ಲ ಓಡಿ ಬಂದರು. ಅಪ್ಪ ನನ್ನನ್ನು ಎತ್ತಿ ಮೆಟ್ಟಿಲ ಮೇಲೆ ಇಳಿಸಿದ. ಫಿಲೋಮಿನಾ ಟೀಚರ್ ಛತ್ರಿ ಹಿಡಿದು ಬಂದರು. ಅವರ ಕಣ್ಣು ಮಾಲೆ ಹಾಕಿದ ಟ್ಯಾಂಕರಿನಿಂದ ಇಳಿದು ನನ್ನ ಅರಿಶಿನದ ಪಾದದ ಮೇಲೆ ನಿಂತಿತು.

“ಕಮಲಾ! ವೇರ್ ಆರ್ ಯುವರ್ ಶೂಸ್? ಬೋರ್ಡಿನ ಮೇಲೆ ಬರೆದಿದ್ದೆನಲ್ಲ, ನೋ ಬೇರ್‌ಫೂಟ್!” ಎಂದು ಇಂಗ್ಲಿಷು ಹಿಂದಿ ಬೆರೆಸಿ ಕೇಳಿದರು.

ನಾನು ಎದೆ ಮುಂದೆ ಮಾಡಿ ಹೇಳಿದೆ. “ನೋ ಬರೇ ಫೂಟ್, ಟೀಚರ್. ಐ ಕಮ್ ಬೈ ಟ್ಯಾಂಕರ್.”

ಟೀಚರಿಗೆ ಅರ್ಥವಾಗಲಿಲ್ಲ. ನಾನು ಹಿಂದಿ, ಕೊಂಕಣಿ, ಇಂಗ್ಲಿಷು ಮೂರನ್ನೂ ಕಲಸಿ, ಬರೇ ಎಂದರೆ ನಮ್ಮಲ್ಲಿ ಏನು, ಫೂಟ್ ಎಂದರೆ ನಡೆಯುವುದು ಎಂದೆಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಬಾಯಿ ತೆರೆಯಿತು. “ಸಾಯ್ಬಾ!” ಎಂದು ದೇವರನ್ನು ಕರೆದರು. ಮರುಕ್ಷಣವೇ ಛತ್ರಿಯನ್ನು ನೆಲಕ್ಕೂರಿ ಅದರ ಮೇಲೆ ಬಾಗಿ ನಗತೊಡಗಿದರು. ಅಷ್ಟು ದೊಡ್ಡ ಟೀಚರ್ ಹಾಗೆ ಮೈಯೆಲ್ಲ ಕುಣಿಸಿ ನಗುವುದನ್ನು ನಾವು ಕಂಡಿರಲಿಲ್ಲ. ಮಕ್ಕಳೂ ನಕ್ಕರು. ಯಾಕೆಂದು ತಿಳಿಯದೆ ಸಿದ್ದಪ್ಪ ಕಾಕಾನೂ ಗಹಗಹಿಸಿದ.

ಜ್ವರ ಬಿಟ್ಟು ಬಂದಿದ್ದ ಸ್ನೇಹಲ್ ನನ್ನ ಕಿವಿಯಲ್ಲಿ ಹೇಳಿದಳು. “ಅದು ಬರೇ ಅಲ್ಲ ಕಣೇ, ಬೇರ್. ಬೇರ್‌ಫೂಟ್ ಅಂದ್ರೆ ಕಾಲಿಗೆ ಏನೂ ಹಾಕದೆ ಬರೋದು.”

ಅಪ್ಪ ಮೆಲ್ಲಗೆ ಕೇಳಿದ. “ಏನಂತ ಕಮಲಿ?”

“ಬರಿಗಾಲಲೆ ಬರಬಾರದು ಅಂತ ಬರದಿದ್ರಂತ, ಅಪ್ಪಾ.”

ಅಪ್ಪ ನನ್ನ ಕಾಲು ನೋಡಿದ, ತನ್ನ ಕಾಲು ನೋಡಿಕೊಂಡ. ಶಾಲೆಯೊಳಗೆ ಹೇಗೆ ಹಾಕಿಕೊಂಡು ಹೋಗುವುದೆಂದು ಅವನೂ ತನ್ನ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದ. “ಹಂಗಾರ ಝಂಡಾ?” ಎಂದ. ಅವನ ದನಿ ಬಹಳ ಸಣ್ಣದಾಗಿತ್ತು.

ಅವನು ಹೆದರಿದ್ದನ್ನೇ ಮೆಟ್ಟಿಲ ಮೇಲೆ ನಿಂತಿದ್ದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹೇಳಿದರು. ಅತಿಥಿಗಳು ಬರುವ ಹೊತ್ತಾಗಿದೆ, ಶೂ ಇಲ್ಲದವಳು ಮುಂದೆ ನಿಲ್ಲುವುದು ಚೆನ್ನಾಗಿರುವುದಿಲ್ಲ, ಝಂಡಾವನ್ನು ಬೇರೆ ಯಾರಿಗಾದರೂ ಕೊಡಿ. ಸ್ನೇಹಲ್ ತಾನೇ ಮುಂದೆ ಬಂದು ತನ್ನ ಶೂ ಬಿಚ್ಚಿ ಕೊಟ್ಟಳು. ನನ್ನ ಬೆರಳುಗಳು ಅದರೊಳಗೆ ಹೋದವು, ಪಾದ ಹೋಗಲಿಲ್ಲ.

“ಮನೆಯಲ್ಲಿ ಚಪ್ಪಲಿಯೂ ಇಲ್ಲವಾ?” ಎಂದು ಟೀಚರ್ ಹಿಂದಿಯಲ್ಲಿ ಕೇಳಿದರು. ಇದೆ ಟೀಚರ್, ಆದರೆ ಝಂಡಾ ಹಿಡಿಯುವವರು ಹಾಕಿಕೊಳ್ಳಬಾರದು, ಅದು ಆರತಿ ತಟ್ಟೆ ಇದ್ದ ಹಾಗೆ ಎಂದು ಅವ್ವ ಹೇಳಿದ್ದಾಳೆ ಎಂದೆ. ಅವರ ನಗು ನಿಂತಿತು. ನನ್ನ ಪಾದದ ಅರಿಶಿನವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ತಮ್ಮ ಬಿಳಿ ಕ್ಯಾನ್ವಾಸ್ ಶೂಗಳ ಲೇಸು ಬಿಚ್ಚತೊಡಗಿದರು.

ಅವು ನನಗೆ ದೋಣಿಯಷ್ಟಿದ್ದವು. ಒಂದರ ಮುಂದೆ ಟೀಚರ್ ತಮ್ಮ ಕರವಸ್ತ್ರ ತುರುಕಿದರು, ಇನ್ನೊಂದಕ್ಕೆ ಸಿದ್ದಪ್ಪ ಕಾಕಾ ಕ್ಯಾಬಿನ್ನಿನಿಂದ ಗಾಜು ಒರೆಸುವ ಬಟ್ಟೆ ತಂದುಕೊಟ್ಟ. ಲೇಸನ್ನು ಕಾಲಿಗೆ ಸುತ್ತಿ ಸುತ್ತಿ ಬಿಗಿದರು. “ಗೋ” ಎಂದರು ಟೀಚರ್. “ಹಿಂದೆ ನೋಡಬೇಡ.”

ಡ್ರಮ್ಮು ಶುರುವಾಯಿತು. ಇಡೀ ವಾರ ಮಳೆ ಕುಡಿದ ಮೈದಾನ ನಮ್ಮ ಓಣಿಯ ಅಣ್ಣನಂತಿತ್ತು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ನಡೆದೆ. ಅತಿಥಿಗಳ ಮುಂದೆ ಬರುವ ಹೊತ್ತಿಗೆ ಎಡಗಾಲಿನ ಶೂವನ್ನು ಕೆಸರು ಹಿಡಿದುಕೊಂಡಿತು. ನಾನು ಕಾಲೆತ್ತಿದೆ. ಕಾಲು ಬಂತು, ಶೂ ಬರಲಿಲ್ಲ. ನಿಲ್ಲುವ ಹಾಗಿಲ್ಲ, ಹಿಂದೆ ನೋಡುವ ಹಾಗಿಲ್ಲ. ಝಂಡಾ ನೆಟ್ಟಗೆ ಹಿಡಿದು ಹಾಗೇ ನಡೆದೆ. ಒಂದು ಕಾಲು ಟಕ್, ಒಂದು ಕಾಲು ಥಪ್. ಟಕ್, ಥಪ್. ಡ್ರಮ್ಮಿನ ಹುಡುಗ ಈ ಹೊಸ ತಾಳಕ್ಕೆ ಗಲಿಬಿಲಿಗೊಂಡು ಒಂದು ಪೆಟ್ಟು ತಪ್ಪಿಸಿದ. ಹಿಂದಿನ ಸಾಲು ಆ ಶೂವನ್ನು ಹಳ್ಳದ ನಡುವಿನ ಬಂಡೆಯ ಹಾಗೆ ಬಿಟ್ಟು ಎರಡು ಕಡೆಯಿಂದ ಹರಿದು ಬಂತಂತೆ. ಸಿಸ್ಟರ್ ತುಟಿ ಬಿಗಿಹಿಡಿದಿದ್ದರು. ಸಿಟ್ಟೋ ನಗುವೋ ನನಗೆ ಗೊತ್ತಾಗಲಿಲ್ಲ.

ಧ್ವಜ ಏರಿತು, ರಾಷ್ಟ್ರಗೀತೆ ಮುಗಿಯಿತು. ಅತಿಥಿಗಳು ಭಾಷಣ ಮಾಡಿದರು. ಅಷ್ಟು ಹೊತ್ತೂ ಮೈದಾನದ ನಟ್ಟನಡುವೆ ಆ ಬಿಳಿ ಶೂ ಒಂದೇ ಒಂದು, ಭಾಷಣ ಕೇಳುವವರ ಹಾಗೆ ನಿಂತಿತ್ತು.

ಎಲ್ಲ ಮುಗಿದು ಪೇಡೆ ಹಂಚುವಾಗ ಅಪ್ಪ ಗೋಡೆಯ ಬದಿಯಿಂದ ಹೊರಟ. ಎಲ್ಲರೂ ನೋಡುತ್ತಿದ್ದಂತೆ ಕೆಸರಿನೊಳಗೆ ಇಳಿದು, ಬಗ್ಗಿ, ಶೂವನ್ನು ಮೆಲ್ಲಗೆ ಬಿಡಿಸಿಕೊಂಡ. ನೇರ ಟ್ಯಾಂಕರಿನ ಹತ್ತಿರ ಹೋಗಿ, ನಳ ತಿರುಗಿಸಿ, ಶೂವಿನ ಅಡಿಯ ಗೆರೆಗೆರೆಗಳಲ್ಲಿ ಬೆರಳಾಡಿಸಿ ತೊಳೆದ. ನನ್ನ ಕಾಲಿನಲ್ಲಿ ಉಳಿದದ್ದನ್ನೂ ಬಿಚ್ಚಿಸಿ ತೊಳೆದ. ಹೆಗಲ ಮೇಲಿನ ಹೊಸ ಟವೆಲ್ಲಿನಿಂದ ಎರಡನ್ನೂ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಟೀಚರ್ ಮುಂದೆ ನಿಂತ. ಟೀಚರ್ ಆಗಲೂ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು.

“ತಪ್ಪಾತ್ರಿ” ಎಂದ ಅಪ್ಪ, ಕನ್ನಡದಲ್ಲಿಯೇ.

ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ತಿಳಿಯಿತು. “ನಹೀ ನಹೀ” ಎಂದು ತಲೆ ಅಲ್ಲಾಡಿಸಿ ಶೂ ತೆಗೆದುಕೊಂಡರು, ತಾವು ತಿನ್ನದೆ ಇಟ್ಟುಕೊಂಡಿದ್ದ ಪೇಡೆಯನ್ನು ಅಪ್ಪನ ಕೈಗಿಟ್ಟರು. “ಆಪ್‌ಕೀ ಬೇಟಿ ರುಕೀ ನಹೀ” ಎಂದರು. ನಿಮ್ಮ ಮಗಳು ನಿಲ್ಲಲಿಲ್ಲ. ಅಪ್ಪ ಆ ಮಾತನ್ನು ಮುಂದೆ ಎಷ್ಟೋ ವರ್ಷ ಬೀಗರ ಮುಂದೆಲ್ಲ ಹಿಂದಿಯಲ್ಲಿಯೇ ಹೇಳುತ್ತಿದ್ದ.

ಮರುದಿನ ಇಂಗ್ಲಿಷ್ ತಾಸಿನಲ್ಲಿ ಟೀಚರ್ ಬೋರ್ಡಿನ ಮೇಲೆ ಒಂದು ಪಾದ ಬಿಡಿಸಿದರು, ಅದರ ಪಕ್ಕ ಒಂದು ಕರಡಿ. ಬರಿಗಾಲಿನ ಬೇರ್, ಕರಡಿಯ ಬೇರ್, ಎರಡಕ್ಕೂ ಉಚ್ಚಾರ ಒಂದೇ, ಅಕ್ಷರ ಬೇರೆ. ಅಕ್ಷರ ಅದಲುಬದಲಾದರೆ ನೀವು ಶಾಲೆಗೆ ಕರಡಿಯ ಕಾಲಲ್ಲಿ ಬಂದಿರೆಂದು ಆಗುತ್ತದೆ ಎಂದರು. ಬರಿಗಾಲು ಎರಡಿದ್ದರೂ ಅದು ಬೇರ್‌ಫೂಟೇ, ಬೇರ್‌ಫೀಟ್ ಅಲ್ಲ. ಬೈ ಬೇರ್‌ಫೂಟ್ ಅನ್ನಬಾರದು, ವಿತ್ ಬೇರ್‌ಫೂಟ್ ಅನ್ನಬಾರದು. ಆ ಶಬ್ದದ ಮುಂದೆ ಏನೂ ಬೇಡ, ಅದು ತಾನೇ ಬರಿಗಾಲಲ್ಲಿ ನಡೆಯುತ್ತದೆ. ಆಮೇಲೆ ನನ್ನ ಕಡೆ ತಿರುಗಿ, ಕಮಲಾ, ಒಂದು ವಾಕ್ಯ ಮಾಡು ಎಂದರು.

ನಾನು ಎದ್ದು ನಿಂತು, “ಮೈ ಟೀಚರ್ ಸ್ಟುಡ್ ಬೇರ್‌ಫೂಟ್” ಎಂದೆ. ನಾನು ತಪ್ಪಿಲ್ಲದೆ ಹೇಳಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ನಾನು ಪರ್ವರಿಯಲ್ಲಿ ಒಂದು ಕಚೇರಿಯ ಲೆಕ್ಕ ನೋಡಿಕೊಂಡಿದ್ದೇನೆ. ಅಪ್ಪ ಇಲ್ಲ. ಸಿದ್ದಪ್ಪ ಕಾಕಾ ಊರಿಗೆ ಮರಳಿದ. ಟೀಚರ್ ಮಗಳ ಜೊತೆ ಪೋರ್ಚುಗಲ್ಲಿಗೆ ಹೋದರೆಂದು ಕೇಳಿದೆ. ಮೊನ್ನೆ ನನ್ನ ಮಗಳು ಫೋನು ತೋರಿಸಿ, ತನಗೆ ಬೇರ್‌ಫೂಟ್ ಶೂ ಬೇಕು ಎಂದಳು. ಹಾಕಿಕೊಂಡರೂ ಹಾಕಿಕೊಂಡಿಲ್ಲ ಅನ್ನಿಸುವಂಥ ತೆಳು ಅಡಿಯ ಶೂಗಳಂತೆ. ಇದ್ದದ್ದನ್ನು ಬಿಚ್ಚಿದರೆ ಆಯಿತಲ್ಲ ಎಂದೆ. “ಅಮ್ಮಾ, ಕಾಲು ಹೊಲಸಾಗ್ತದೆ” ಎಂದು ನಕ್ಕಳು. ಅವಳಿಗೆ ಯಾವ ಶಬ್ದದ ಅರ್ಥ ಬೇಕಾದರೂ ಆ ಫೋನೇ ಹೇಳುತ್ತದೆ. ತಪ್ಪು ತಿಳಿಯುವುದಕ್ಕೆ ಅವಕಾಶವಿಲ್ಲ, ತಪ್ಪು ತಿಳಿದವಳನ್ನು ನಂಬಿ ಗಾಡಿ ಸಿಂಗರಿಸುವ ಓಣಿಯೂ ಅವಳಿಗಿಲ್ಲ.

ಆ ಭಾನುವಾರ ಅವಳನ್ನು ಕರೆದುಕೊಂಡು ಝುವಾರಿನಗರಕ್ಕೆ ಹೋದೆ. ಓಣಿಗೆಲ್ಲ ಕಾಂಕ್ರೀಟು ಬಿದ್ದಿದೆ. ನಮ್ಮ ಮನೆಯಿದ್ದ ಕಡೆ ಎರಡಂತಸ್ತಿನ ಚಾಳು ಎದ್ದಿದೆ. ಅದರ ಪಕ್ಕ ಒಂದಿಷ್ಟು ಹಳೆಯ ಕೆಂಪು ನೆಲ ಉಳಿದಿತ್ತು. ಅಷ್ಟರ ಮೇಲಾದರೂ ನಿಲ್ಲೋಣವೆಂದು ಚಪ್ಪಲಿ ಬಿಟ್ಟು ಕಾಲಿಟ್ಟೆ. ಎರಡು ಹೆಜ್ಜೆಗೆ ಹರಳು ಚುಚ್ಚಿ ಕುಂಟಿಬಿಟ್ಟೆ. ಮಗಳು ನಗುತ್ತ ನನ್ನ ರಟ್ಟೆ ಹಿಡಿದಳು. ಚಾಳಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನನ್ನ ವಾರಿಗೆಯ ಹೆಂಗಸೊಬ್ಬಳು, ನಮ್ಮ ಕಡೆಯವಳೇ, ಮೊರ ಕೆಳಗಿಟ್ಟು ಗಡಬಡಿಸಿ ಎದ್ದಳು.

“ಚಪ್ಪಲಿ ಹಾಕ್ಕೋರಿ ಮೇಡಂ. ನಿಮ್ಮಂಥೋರಿಗೆ ಈ ನೆಲ ತಡಿಯಂಗಿಲ್ಲ.”

ಹೌದ್ರಿ ಎಂದೆ. ಹಾಕಿಕೊಂಡೆ.